ಎಡಕ್ಕೆ ಕೊಟ್ಟ ಚೆಂಡು

ದೊಡ್ಡ ಮನುಷ್ಯನೇ,

ಈ ಪತ್ರ ಕಳಿಸಿ ನಿನ್ನ ಕೊಬ್ಬು ಹೆಚ್ಚಿಸುವಷ್ಟು ದಡ್ಡ ನಾನಲ್ಲ. ದೊಡ್ಡ ಕ್ಲಬ್ಬಿಗೆ ಹೋದ ಮೇಲೆ ಟಿವಿಯಲ್ಲಿ ನಿನ್ನನ್ನು ನೋಡಿದ್ದೆಲ್ಲ ಬೆಂಚಿನ ಮೇಲೆಯೇ. ಇಸ್ತ್ರಿ ಮಾಡಿದ ಜೆರ್ಸಿ, ಮಣ್ಣು ಕಾಣದ ಬೂಟು. ಹೊರಟ ದಿನ ಬಟ್ಟೆ ಬದಲಿಸುವ ಕೋಣೆಯೊಳಗೇ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದೆಯಲ್ಲ, ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ! "ಫೋನ್ ಮಾಡ್ತೀನಿ ಕಣೋ" ಅಂದೆ. ಮಾಡಿದೆ, ಪಾಪ.

ಹುಡುಗರ ತಂಡದಿಂದ ಇಬ್ಬರೂ ಒಟ್ಟಿಗೆ ಬಂದು ಸೇರಿದ ಈ ಮೂರನೇ ಡಿವಿಷನ್ ಫುಟ್‌ಬಾಲ್ ತಂಡದಲ್ಲಿ ನಾನಿನ್ನೂ ಇದ್ದೇನೆ. ಮೈದಾನದಲ್ಲಿ ಈಗಲೂ ಹುಲ್ಲಿಗಿಂತ ಗುಂಡಿಯೇ ಹೆಚ್ಚು. ನಿನ್ನ ಜಾಗಕ್ಕೆ ಬಂದ ಮಹಾಶಯ ಓಡುವುದಿಲ್ಲ, ಓಡಿದರೆ ಕೂದಲು ಕೆದರುತ್ತದಲ್ಲ.

ಇವತ್ತು ಕೊನೆಯ ನಿಮಿಷದಲ್ಲಿ ಗೋಲ್‌ಕೀಪರ್ ಎದುರಿಗೆ ನಾನೊಬ್ಬನೇ ಇದ್ದೆ. ಸುಮ್ಮನೆ ಒದ್ದಿದ್ದರೂ ಗೋಲಾಗುತ್ತಿತ್ತು. ತಿರುಗಿಯೂ ನೋಡದೆ, ಹಿಮ್ಮಡಿಯಿಂದ ಚೆಂಡನ್ನು ಎಡಕ್ಕೆ ತಳ್ಳಿದೆ, ನೀನು ಯಾವಾಗಲೂ ಓಡಿ ಬರುತ್ತಿದ್ದ ಕಡೆಗೆ. ಅದು ಯಾರ ಕಾಲಿಗೂ ಸಿಗದೆ, ಉರುಳುತ್ತಾ ಮೈದಾನದ ಗೆರೆ ದಾಟಿ ಹೊರಗೆ ಹೋಯಿತು. ಮಹಾಶಯ ಎಲ್ಲೋ ಹಿಂದೆ ಕಾಲುಚೀಲ ಎಳೆದುಕೊಳ್ಳುತ್ತಿದ್ದ.

"ಯಾರಿಗೋ ಕೊಟ್ಟೆ ಅದನ್ನ? ಅಲ್ಲಿ ನಿಮ್ಮಪ್ಪ ನಿಂತಿದ್ನಾ?" ಎಂದು ಕೋಚ್ ಕಿರುಚಿದರು.

"ಕಾಲು ಜಾರ್ತು ಸಾರ್" ಅಂದೆ.

ಸೋತೆವು. ಮುಂದಿನ ಪಂದ್ಯಕ್ಕೆ ನನಗೂ ಬೆಂಚೇ ಗತಿ. ನಿನ್ನ ಹಾಗೆ ಅಲ್ಲಿ ಕೂತು ಕ್ಯಾಮೆರಾಕ್ಕೆ ಹಲ್ಲು ಕಿರಿಯುವುದು ನನಗೆ ಬರುವುದಿಲ್ಲ. ಎಡಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತೇನೆ. ಹಾಳು ಅಭ್ಯಾಸ, ಅಷ್ಟೇ.