ಸಿಂಕ್ ಪಕ್ಕದ ಎರಡು ಸ್ಪಾಂಜು

ರೀ,

ಭದ್ರಾವತಿಗೆ, ತಂಗಿ ಮನೆಗೆ ಹೋಗ್ತಿದ್ದೀನಿ. ಸಂಜೆ ಬರ್ತೀನಿ. ನಾಷ್ಟಾ ಮುಚ್ಚಿಟ್ಟಿದ್ದೀನಿ.

ತಿನ್ನೋ ಮೊದಲು ಸಿಂಕ್ ಪಕ್ಕ ನೋಡಿ. ಎರಡು ಒದ್ದೆ ಸ್ಪಾಂಜಿನ ಮೇಲೆ ಒಂದೊಂದು ಇಟ್ಟಿಗೆ ಇಟ್ಟಿದ್ದೀನಿ. ಹೊಸದು ನೀರು ಹಿಡ್ಕೊಂಡು ಭಾರ ತಡೀತಿದೆ. ಸವೆದದ್ದು ನೀರೆಲ್ಲ ಬಿಟ್ಟು ಚಪ್ಪಟೆಯಾಗಿದೆ. ನಿಮ್ಮ ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆಯೂ ಹೀಗೇ ಆಗಿದೆ ಅಂತ ಡಾಕ್ಟರು ಹೇಳ್ತಿದ್ರೆ, ಪಾರಿವಾಳಕ್ಕೆ ಕಾಳು ತಗೋಬೇಕು ಅಂತ ಎದ್ದು ಬಂದ್ರಲ್ಲ, ಅದಕ್ಕೇ ಇದು.

ಪಾರಿವಾಳಕ್ಕೆ ನೀರು ಅಂತ ಕೊಡ ಹೊತ್ತು ಮಹಡಿ ಹತ್ತೋದು ಮುಗೀತು. ನೀವು ಬೆಳಗಿನ ನಮಾಜಿಗೆ ಹೋದಾಗ ಗೂಡನ್ನ ಮಹಡಿಯಿಂದ ನಾನೇ ಹೊತ್ತು ತಂದು ಹಿತ್ತಲಲ್ಲಿ ಇಟ್ಟಿದ್ದೀನಿ. ಮಹಡಿ ಬೀಗದ ಕೈ ನನ್ನ ಪರ್ಸಲ್ಲಿದೆ.

ಡಾಕ್ಟರಿಗೆ ಫೋನ್ ಮಾಡಿ ನಾಳೆಗೆ ಇಬ್ಬರ ಹೆಸರೂ ಬರೆಸಿ. ಕೊನೇ ಮೆಟ್ಟಿಲಲ್ಲಿ ನನ್ನ ಮೊಣಕಾಲೂ ಲಟಕ್ ಅಂತು.

ಜೈನಾಬಿ