ಸ್ಪೀಕರಿನೊಳಗಿನ ಶಾಲು

ರೀ,

ನೀವು ಹೋದ ಮೇಲೆ ಇವತ್ತೇ ಮೊದಲು ಮನೆಯಲ್ಲಿ ಹಾಡು ಕೇಳಿಸಿದ್ದು. ಮಗಳು ಹೊಸ ಸ್ಪೀಕರ್ ತಂದಳು. ಜೋಡಿ ಸೇರಿದರೂ ಒಂದು ತಲೆದಿಂಬಿನಷ್ಟಿಲ್ಲ. ನಿಮ್ಮ ಹಳೆಯ ಮರದ ಸ್ಪೀಕರ್ ಪೆಟ್ಟಿಗೆಗಳ ಪಕ್ಕದಲ್ಲಿಟ್ಟು ಒಂದೇ ಹಾಡನ್ನು ಎರಡರಲ್ಲೂ ಹಾಕಿದಳು. ಹೊಸದರಲ್ಲಿ ಹಾಡುವವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ನಿಮ್ಮದರಲ್ಲಿ ಕಂಬಳಿ ಹೊದ್ದು ಹಾಡಿದಂತಿತ್ತು.

"ಅಪ್ಪ ಇದನ್ನ ಸುಮ್ನೆ ಹೊಗಳ್ತಿದ್ರು, ನೋಡು," ಎಂದಳು. ನನಗೂ ಒಳಗೊಳಗೇ ಗೆದ್ದ ಹಾಗಾಯಿತು.

ಹಳೆಯದನ್ನು ಎತ್ತಿಡಲು ಹಿಂದಿನ ತೂತಿಗೆ ಕೈ ಹಾಕಿದವಳು ಏನನ್ನೋ ಹೊರಗೆಳೆದಳು. "ಅಮ್ಮಾ, ಇದು ನಿನ್ನ ಶಾಲಲ್ವಾ?"

ನಾನು ಮನೆಯೆಲ್ಲ ಜಾಲಾಡಿದ್ದ ಉಣ್ಣೆ ಶಾಲು. ಹರಿದು ಎರಡು ಮಾಡಿ, ಪೆಟ್ಟಿಗೆಗೊಂದು ತುಂಡು ತುರುಕಿದ್ದಿರಿ.

ಅದನ್ನು ತೆಗೆದು ಮತ್ತೆ ಹಾಡು ಹಾಕಿದಳು. ಕೋಣೆ ತುಂಬಿಹೋಯಿತು. ಅದರ ಮುಂದೆ ಹೊಸದು ಸೊಳ್ಳೆಯ ಗುಂಯ್‌ಗುಟ್ಟುವಿಕೆ.

"ಆ ದುಂ ದುಂ ಕೇಳಿದ್ರೆ ನನ್ನ ತಲೆ ಸಿಡಿಯುತ್ತೆ," ಎಂದು ಎಷ್ಟೋ ವರ್ಷಗಳ ಹಿಂದೆ ನಾನು ಕೂಗಾಡಿದ್ದೆನಲ್ಲ, ಆಮೇಲೆ ಸದ್ದು ಮೆತ್ತಗಾಗಿತ್ತು. ಪೆಟ್ಟಿಗೆಗೆ ವಯಸ್ಸಾಯಿತು ಎಂದುಕೊಂಡಿದ್ದೆ.

ಮಗಳು ಹೊರಟ ಮೇಲೆ ಶಾಲಿನ ತುಂಡುಗಳನ್ನು ಮತ್ತೆ ಒಳಗೆ ತುರುಕಿದೆ. ನಿಮ್ಮ ಕುರ್ಚಿಯಲ್ಲಿ ಕೂತು, ಇಷ್ಟು ವರ್ಷ ನೀವು ಕೇಳಿದ್ದನ್ನೇ ಕೊನೆಯವರೆಗೂ ಕೇಳಿದೆ.