ಕಿವಿ ಸೋರದ ಮಗು

ಕುರುಬರಹಳ್ಳಿ
ಭಾನುವಾರ, 16 ಫೆಬ್ರವರಿ 2025

ಚಿ. ರಾಗಿಣಿಗೆ ನಿನ್ನ ಅಕ್ಕನ ಆಶೀರ್ವಾದ.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ತಲುಪಿ ತಿಂಗಳಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ತಾನಾಗಿ ಹೋಯಿತು, ತಡೆದೆ. ಕ್ಷೇಮವೋ ಅಲ್ಲವೋ ನನಗೇ ತಿಳಿಯುತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ಅಮೂಲ್ಯಾಳ ವಿಷಯ ಎತ್ತಿದ ಕೂಡಲೇ ನೀನು "ಬಸ್ ಬಂತು ಕಣೇ ಅಕ್ಕಾ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಚಿತ್ರದುರ್ಗದಲ್ಲಿ ಹಾಸ್ಟೆಲಿನ ಅಡುಗೆಮನೆ ಒಳಗೂ ಬಸ್ಸು ಬರುತ್ತದೇನೋ! ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಒತ್ತು, ದೀರ್ಘ ತಪ್ಪಿದ್ದರೆ ನಕ್ಕು ಮುಂದೆ ಓದು. ಆದರೆ ಕೊನೆಯವರೆಗೂ ಓದು.

ನಿನ್ನ ಮಗಳಿಗೆ ಒಂಬತ್ತು ತುಂಬಿತು. ಕೂಸಾಗಿದ್ದಾಗ ಅವಳನ್ನು ನನ್ನ ಮಡಿಲಿಗೆ ಹಾಕಿ ನೀನು ಕುಡಿತ ಬಿಡಿಸುವ ಆಸ್ಪತ್ರೆಗೆ ಹೋದೆಯಲ್ಲ, ಅವತ್ತು ಹೇಗಿದ್ದಳೋ ಇವತ್ತೂ ಹಾಗೇ ಹಗುರ, ಹಾಗೇ ಪುಟ್ಟ ಪುಟ್ಟ ಕಣ್ಣು. ಬಾಲ್ಕನಿಯಲ್ಲಿ ನಿಂತು ದೂರದ ಮೆಟ್ರೋ ಜಾರಿ ಹೋಗುವುದನ್ನು ನೋಡುತ್ತಾಳೆ. "ಈಗ ಬೆಳಿಗ್ಗೇನಾ, ಸಾಯಂಕಾಲಾನಾ?" ಎಂದು ಕೇಳುತ್ತಾಳೆ. ಹಲ್ಲುಜ್ಜು, ಸಾಕ್ಸ್ ಹಾಕು, ಬ್ಯಾಗ್ ತಗೋ ಎಂದು ಒಟ್ಟಿಗೆ ಹೇಳಿದರೆ ಬ್ರಷ್ಷನ್ನು ಬ್ಯಾಗಿಗೆ ಹಾಕಿಕೊಂಡು ಬರಿಗಾಲಲ್ಲಿ ನಿಂತಿರುತ್ತಾಳೆ. ನಿನ್ನೆ ಬಂದ ಮಗ್ಗಿ ಇವತ್ತು ಮಾಯ. "ನಾವೊಂದು ಮೋಡ ಸಾಕಿದೀವಿ ಕಣೇ" ಎನ್ನುತ್ತಾರೆ ನಿನ್ನ ಭಾವ. ಅವರಿಗೆ ತಮಾಷೆ. ನನಗೆ ಮೋಡ ಎಲ್ಲಿ ತೇಲಿಹೋಗುತ್ತದೋ ಎಂಬ ಚಿಂತೆ.

ಹಾಗೇ ಆಯಿತು. ಹೋದ ತಿಂಗಳು ಸ್ಕೂಲಿನ ಗೇಟು ದಾಟಿ ಯಾವುದೋ ಬಸ್ಸು ಹತ್ತಿದ್ದಾಳೆ. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಯಾರೋ ಆಂಟಿ ಜೊತೆ ಬಂದವಳೆಂದುಕೊಂಡು ಕಂಡಕ್ಟರೂ ಕೇಳಲಿಲ್ಲ. ಸುಂಕದಕಟ್ಟೆಯಿಂದ ಗೂಳಪ್ಪ ಅಂತ ಎಳನೀರು ಮಾರುವವರು, ಅವಳ ಕೊರಳ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರು. "ಅಮ್ಮಾ, ಈ ಮಗು ನಿಮ್ದಾ? ಅವ್ರಮ್ಮ ಮರದ ಮೇಲಿನ ಮನೇಲಿ ಅವ್ರಂತೆ. ಏಣಿ ಇಳಿಸ್ತಾರೆ ಅಂತ ಕಾಯ್ತಾ ನಿಂತವ್ಳೆ."

ಓಡಿದೆ. ಹೋಗಿ ನೋಡಿದರೆ, ರಾಗಿಣಿ, ರಸ್ತೆಯ ಧೂಳು, ಲಾರಿ, ಹಾರ್ನು ಯಾವುದೂ ತನಗೆ ಸೇರಿದ್ದಲ್ಲವೆಂಬಂತೆ ಅವಳು ಒಂದು ಗುಲಾಬಿ ಹೂವಿನ ಮರದ ಕೆಳಗೆ ತಲೆಯೆತ್ತಿ ನಿಂತಿದ್ದಳು. ಎಲೆಯೇ ಇಲ್ಲದ ಮರ, ಬರೀ ಹೂವು. ಒಂದೊಂದೇ ಉದುರಿ ಅವಳ ಹೆಗಲ ಮೇಲೆ ಕೂರುತ್ತಿತ್ತು. ಬೈಯಬೇಕೆಂದು ಬಂದವಳು ನಾನೂ ಸ್ವಲ್ಪ ಹೊತ್ತು ಮೇಲೆ ನೋಡಿದೆ. ಆ ಬೆಳಕಿನಲ್ಲಿ ಅಲ್ಲೊಂದು ಮನೆ ಇದ್ದರೂ ಇರಬಹುದು ಅನ್ನಿಸಿತು. "ದೊಡ್ಡಮ್ಮಾ, ಅಮ್ಮ ಸ್ನಾನ ಮಾಡ್ತಾ ಇದಾಳೆ, ಈಗ ಬರ್ತಾಳೆ" ಎಂದಳು. ಕಣ್ಣಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ.

ಸ್ಕೂಲಿನವರಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಅವಳ ಕ್ಲಾಸಿನ ರಕ್ಷಾ ಮಿಸ್ ಕರೆಸಿದರು. "ನೋಡಿ, ಬೇರೆ ಮಗೂದು ಜಾಮಿಟ್ರಿ ಬಾಕ್ಸ್ ತಗೊಂಡು, ಅವಳೇ ತನ್ನ ಬರ್ತ್‌ಡೇಗೆ ಕೊಟ್ಟಳು ಅಂತಾಳೆ. ಕೇಕು ಯಾವ ಬಣ್ಣ ಅಂತಾನೂ ಹೇಳ್ತಾಳೆ. ಬರ್ತ್‌ಡೇನೇ ಆಗಿಲ್ಲ ಮೇಡಂ!" ಎಂದರು. ಅವರೂ ಕೆಟ್ಟವರಲ್ಲ, ಸುಸ್ತಾಗಿದ್ದರು. ಹೆಡ್‌ಮಿಸ್ ಮಾತ್ರ ಖಂಡಿತವಾಗಿ ಹೇಳಿದರು: ಮಾರ್ಚ್ ಮುಗಿಯುವುದರೊಳಗೆ ಡಾಕ್ಟರಿಂದ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ಟಿ.ಸಿ. ತಗೊಂಡು ಹೋಗಿ.

ಹಾಗಾಗಿ ರಾಜಾಜಿನಗರದಲ್ಲಿ ಮಕ್ಕಳ ಬೆಳವಣಿಗೆ ನೋಡುವ ಶಿವಾನಿ ಡಾಕ್ಟರ ಹತ್ತಿರ ಹೋದೆವು. ಚಿಕ್ಕ ವಯಸ್ಸು, ಮೆತ್ತಗೆ ಮಾತಾಡುತ್ತಾರೆ. ತಲೆ ಸುತ್ತಳತೆ ತೆಗೆದರು, ಕಣ್ಣು ಅಳೆದರು, ಮೂಗಿನ ಕೆಳಗಿನ ತಗ್ಗು ನೋಡಿದರು. ನಿನಗೆ ನೆನಪಿದೆಯಾ, ಅವಳಿಗೆ ಅಲ್ಲಿ ತಗ್ಗೇ ಇಲ್ಲ, ನಯವಾಗಿದೆ. ದೇವರು ಒರೆಸಿ ಕಳಿಸಿದ್ದಾನೆ ಎಂದು ನಾವು ಮುದ್ದಾಡುತ್ತಿದ್ದೆವು. ಆಟ ಆಡಿಸಿದರು, ಚಿತ್ರ ತೋರಿಸಿ ಮರೆಮಾಡಿ ಕೇಳಿದರು. ಆಮೇಲೆ ಹೇಳಿದರು: "ಈ ಮಗು ಸುಳ್ಳು ಹೇಳ್ತಿಲ್ಲಮ್ಮ. ನೆನಪಿನಲ್ಲಿ ಜಾಗ ಖಾಲಿ ಇದ್ರೆ ಅವಳ ಮಿದುಳು ಕೈಗೆ ಸಿಕ್ಕಿದ್ದನ್ನ ತುಂಬಿಸಿಬಿಡುತ್ತೆ. ಅವಳ ಪಾಲಿಗೆ ಅದು ನಿಜಾನೇ."

ತಾಯಿ ಕುಡಿದದ್ದು ಹೊಕ್ಕುಳಬಳ್ಳಿ ಹಾದು ಮಗುವಿಗೂ ಹೋಗುತ್ತದಂತೆ. ಅದನ್ನು ಕರಗಿಸಿಕೊಳ್ಳುವ ಶಕ್ತಿ ಹೊಟ್ಟೆಯಲ್ಲಿರುವ ಕೂಸಿಗೆ ಇರುವುದಿಲ್ಲವಂತೆ. ಮಿದುಳಿನ ಎಳೆಗಳು ಒಂದನ್ನೊಂದು ಹುಡುಕಿ ಸೇರುವ ಹೊತ್ತಿನಲ್ಲಿ ಅಲ್ಲಲ್ಲಿ ತಪ್ಪಿಹೋಗುತ್ತವಂತೆ. ಸೀರೆಗೆ ಕುಚ್ಚು ಕಟ್ಟುವವಳು ನಾನು, ಇಷ್ಟು ಹೇಳಿದ ಕೂಡಲೇ ತಿಳಿಯಿತು. ಮೊದಲ ಗಂಟು ಜಾರಿದರೆ ಕೊನೆಯವರೆಗೂ ಸಾಲು ಓರೆ. ದಾರದ ತಪ್ಪೇನಿದೆ? ಬೈದರೆ ದಾರ ಸರಿಹೋಗುತ್ತದೆಯೇ?

"ಸ್ವಲ್ಪ ಕುಡಿದ್ರೆ ಪರವಾಗಿಲ್ಲ ಅಲ್ವಾ ಡಾಕ್ಟ್ರೇ?" ಎಂದೆ. "ಬಸುರೀಲಿ ಇಷ್ಟು ಪರವಾಗಿಲ್ಲ ಅಂತ ಯಾರೂ ಹೇಳೋಕಾಗಲ್ಲಮ್ಮ. ವೈನೂ ಅಷ್ಟೇ, ಬಿಯರೂ ಅಷ್ಟೇ" ಎಂದರು.

ಆಗ ನನಗೆ ಕೆಂಗೇರಿಯ ಮನೆ ಕಣ್ಣೆದುರು ಬಂತು. ನಿನ್ನ ಸೀಮಂತದ ದಿನ. ಹಸಿರು ಬಳೆ, ಕೋಡುಬಳೆ, ಮಾವಿನಕಾಯಿ. ನಡುವೆ ನಿನ್ನ ಕೈಯಲ್ಲಿ ಆ ಸ್ಟೀಲ್ ಲೋಟ. "ದ್ರಾಕ್ಷಿ ವೈನು ಕಣೇ, ಬಯಕೆ" ಎಂದು ನೀನು ನಕ್ಕೆ. ಅಮರೇಶ ಹೊರಗೆ ಕುಡಿದು ಬೀಳದೆ ಮನೆಯಲ್ಲೇ ಕುಡಿಯಲಿ ಎಂದು ಅವನ ಜೊತೆ ಕೂರಲು ಹೋಗಿ ನಿನಗೂ ಅಭ್ಯಾಸವಾಗಿತ್ತು. ಅಮ್ಮನಿಗೆ ಅದೆಲ್ಲ ಎಲ್ಲಿ ಗೊತ್ತು? "ಬಸುರಿ ಬಾಯಿ ಕಟ್ಟಬಾರದು ಕಣ್ರೇ, ಬಯಕೆ ತೀರಿಸದಿದ್ರೆ ಮಗೂಗೆ ಕಿವಿ ಸೋರುತ್ತೆ" ಎಂದು ತಾನೇ ಅಳಿಯನನ್ನು ಅಂಗಡಿಗೆ ಅಟ್ಟಿ, ಪೇಪರಿನಲ್ಲಿ ಸುತ್ತಿ ತರಿಸಿ, ತಾನೇ ಬಗ್ಗಿಸಿ ಕೊಟ್ಟಿದ್ದಳು. ಹುಣಸೆಕಾಯಿಗೂ ಅದಕ್ಕೂ ಅವಳು ಭೇದ ಮಾಡಲಿಲ್ಲ. ಈಗ ಅಮ್ಮ ಇಲ್ಲ. ಅಮೂಲ್ಯಾಳ ಕಿವಿ ಒಂದು ದಿನವೂ ಸೋರಲಿಲ್ಲ, ನೋಡು.

ಆ ರಾತ್ರಿ ಕನಸು ಬಿತ್ತು. ನೀರಿನೊಳಗೆ ಒಂದು ಮಗ್ಗದ ಮನೆ. ಮಿಣುಕು ದೀಪ. ಬೆರಳುದ್ದದ ಅಮೂಲ್ಯಾ ಒಬ್ಬಳೇ ಕೂತು ನೇಯುತ್ತಿದ್ದಾಳೆ. ಮೇಲಿನಿಂದ ಯಾರೋ ಪ್ರೀತಿಯಿಂದಲೇ ಏನೋ ಸುರಿಯುತ್ತಾರೆ, ದೀಪ ಮಂಕಾಗುತ್ತದೆ. ಅವಳು ಕೈ ನಿಲ್ಲಿಸದೆ ಕತ್ತಲಲ್ಲೇ ನೇಯುತ್ತಾಳೆ. ಯಾರನ್ನೂ ಬೈಯುವುದಿಲ್ಲ.

ನಾನೂ ಬೈಯಲು ಬರೆಯುತ್ತಿಲ್ಲ. ಇದಕ್ಕೆ ಮಾತ್ರೆ ಇಲ್ಲವಂತೆ, ದಾರಿ ಇದೆಯಂತೆ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ದಿನವೂ ಅದೇ ಕ್ರಮ ಇರಬೇಕು. ನಿನ್ನ ಭಾವ ಬ್ರಷ್ಷು, ಸಾಕ್ಸು, ಬ್ಯಾಗಿನ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ಸಾಕ್ಸು ನೋಡಿದರೆ ಸೋರೆಕಾಯಿಯ ಹಾಗಿದೆ, ಆದರೂ ಅವಳು ಬೆರಳಿಟ್ಟು ನೋಡಿ ಹಾಕಿಕೊಳ್ಳುತ್ತಾಳೆ. ಸ್ಕೂಲಿನಲ್ಲೂ ಹೀಗೇ ಮಾಡಿ ಎಂದು ಡಾಕ್ಟರು ಬರೆದುಕೊಡುತ್ತಾರಂತೆ. ಆದರೆ ಇಂಥ ಲಕ್ಷಣ ಬೇರೆ ಕಾರಣಕ್ಕೂ ಬರಬಹುದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಏನು, ಎಷ್ಟು ಎಂದು ಸರಿಯಾಗಿ ತಿಳಿಯಬೇಕು ಎಂದರು. ನನಗೇನು ಗೊತ್ತು? ಒಂದು ಲೋಟ ಕಂಡವಳು ನಾನು. ಮಾರ್ಚ್ ಐದು, ಬುಧವಾರ, ಮತ್ತೆ ಬರಹೇಳಿದ್ದಾರೆ. ನೀನು ಬಂದು ಹೇಳಬೇಕು ರಾಗಿಣಿ. ನೀನು ಹೇಳದಿದ್ದರೆ ನಿನ್ನ ಮಗಳು ಊರವರ ಬಾಯಲ್ಲಿ ಕಳ್ಳಿ, ಸುಳ್ಳಿಯಾಗಿಯೇ ಉಳಿಯುತ್ತಾಳೆ. ಮಂಗಳವಾರ ಸಂಜೆಗೇ ಬಂದುಬಿಡು. ಒಬ್ಬಟ್ಟು ಮಾಡಿರುತ್ತೇನೆ.

ನೀನು ಅದನ್ನು ಬಿಟ್ಟು ಗಟ್ಟಿಯಾಗಿ ನಿಂತಿದ್ದೀಯ, ಅದು ಸಣ್ಣ ಮಾತಲ್ಲ. ನಿನ್ನ ಕೈ ಅಡುಗೆ ಉಂಡ ಮಕ್ಕಳ ಹೊಟ್ಟೆ ತಣ್ಣಗಿರಲಿ, ಆ ತಂಪು ನಿನಗೂ ತಾಗಲಿ.

ನಿನ್ನ ಅಕ್ಕ,
ಪುಟ್ಟಲಕ್ಷ್ಮಿ

ಮೇಲೆ ಬರೆಯಲು ಧೈರ್ಯ ಬರದೆ ಉಳಿದದ್ದು: ಡಾಕ್ಟರು ನನ್ನನ್ನೇ ತಾಯಿ ಎಂದುಕೊಂಡರು. "ಬಸುರಿಯಾಗಿದ್ದಾಗ ನೀವು ಕುಡೀತಿದ್ರಾಮ್ಮ? ಹೆದರಬೇಡಿ, ಹೇಳಿ" ಎಂದರು. ನಾನು ದೊಡ್ಡಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಹೂಂ ಅಂದುಬಿಟ್ಟೆ. ನಿನ್ನ ಮಾನ ಕಾಯಲು ಎಂದು ನನಗೆ ನಾನೇ ಹೇಳಿಕೊಂಡೆ, ಅದು ನಿಜವಲ್ಲ. ಈ ಹೊಟ್ಟೆಯಲ್ಲಿ ಒಂದು ಸಲವೂ ಏನೂ ನಿಲ್ಲಲಿಲ್ಲ, ನಿನಗೆ ಗೊತ್ತು. ನೀವು ಬಸುರಿಯಾಗಿದ್ದಾಗ ಎಂದು ಒಬ್ಬರು ನನ್ನನ್ನು ಕೇಳಿದ್ದು ಅದೇ ಮೊದಲು. ಕುಡುಕಿ ಎನ್ನಿಸಿಕೊಂಡರೂ ಸರಿ, ಆ ಮಾತನ್ನು ವಾಪಸ್ಸು ಕೊಡಲು ಮನಸ್ಸು ಬರಲಿಲ್ಲ. ಯಾವ ತಿಂಗಳು ಎಂದಾಗ ತಡವರಿಸಿದೆ, ನೆನಪು ಮಾಡಿಕೊಂಡು ಬನ್ನಿ ಎಂದರು.

ಆಟೋದಲ್ಲಿ ಅಮೂಲ್ಯಾ, "ನಾನು ನಿನ್ ಹೊಟ್ಟೇಲಿದ್ನಾ?" ಎಂದು ಕೇಳಿದಳು. ಅದಕ್ಕೂ ಹೂಂ ಅಂದೆ. ಬೆಳಿಗ್ಗೆಯ ತಿಂಡಿಯನ್ನು ಮಧ್ಯಾಹ್ನಕ್ಕೆ ಮರೆಯುವ ಮಗು, ಇದೊಂದನ್ನು ಮರೆತಿಲ್ಲ. ಅವತ್ತಿನಿಂದ ನನ್ನನ್ನು ಅಮ್ಮ ಎನ್ನುತ್ತಾಳೆ.

ನೀನು ಬಂದು ನಿಜ ಹೇಳು, ಅವಳಿಗೂ ಹೇಳು. ಆದರೆ ಮಂಗಳವಾರ ಬಾ ಎಂದು ಮೇಲೆ ಬರೆದದ್ದನ್ನು ಬಿಟ್ಟುಬಿಡು. ಬುಧವಾರ ಬೆಳಗಿನ ಬಸ್ಸಿಗೇ ಬಾ. ಆ ಮಂಗಳವಾರವೂ ನನಗಿರಲಿ.